ಸೈಟು

ಇಂಗ್ಲಿಷಿನಿಂದ ಬಂದ ಕೆಲವು ಪದಗಳು ನಮ್ಮಲ್ಲಿ ಬಾಡಿಗೆಗೆ ಇರುವವರ ಹಾಗೆ ಇರುತ್ತವೆ. ಯಾವತ್ತು ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತವೋ ಎಂಬ ಅನುಮಾನ ಅವುಗಳ ಮೇಲೆ ಇದ್ದೇ ಇರುತ್ತದೆ. ಇನ್ನು ಕೆಲವು ಬಂದವೇ ಮನೆ ಕಟ್ಟಿ, ಬಾವಿ ತೋಡಿ, ಅಂಗಳದಲ್ಲಿ ತುಳಸಿ ನೆಟ್ಟು ಇಲ್ಲಿಯವೇ ಆಗಿಬಿಡುತ್ತವೆ. ಬಸ್ಸು, ಪೆನ್ನು, ಬೀರು, ರೋಡು ಇವೆಲ್ಲ ಈ ಎರಡನೆಯ ಗುಂಪಿನವು. ಇವುಗಳಲ್ಲಿ ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಪದ ಒಂದಿದೆ. ಅದು 'ಸೈಟು'.

ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು ನಾನು. ಈ ಪದ ಇಂಗ್ಲಿಷಿನಲ್ಲಿ ಎಷ್ಟು ಸಾಧುಪ್ರಾಣಿ ಎಂಬುದು ನನಗೆ ಗೊತ್ತು. ಲ್ಯಾಟಿನ್ನಿನ 'ಸೈಟಸ್' ಎಂಬುದರಿಂದ ಬಂದದ್ದು. ಒಂದು ವಸ್ತು ಇರುವ, ಇದ್ದ, ಅಥವಾ ಮುಂದೆ ಇರಲಿರುವ ಸ್ಥಳ ಎಂದಷ್ಟೇ ಅದರ ಅರ್ಥ. ಯುದ್ಧ ನಡೆದ ಸೈಟು, ಹಳೆಯ ಕೋಟೆಯಿದ್ದ ಸೈಟು, ಆಸ್ಪತ್ರೆ ಏಳಲಿರುವ ಸೈಟು. ಇಂಗ್ಲಿಷ್ ಮಾತೃಭಾಷೆಯವರ ಮುಂದೆ ಹೋಗಿ 'ನನಗೊಂದು ಸೈಟಿದೆ' ಎಂದು ಹೇಳಿ ನೋಡಿ. 'ಯಾವುದರ ಸೈಟು?' ಎಂದು ಕೇಳುತ್ತಾರೆ. ನಮ್ಮಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. 'ಎಷ್ಟಕ್ಕೆಷ್ಟು?' ಎನ್ನುತ್ತಾರೆ. 'ಯಾವ ಕಡೆ ಮುಖ?' ಎನ್ನುತ್ತಾರೆ. ಸ್ವಲ್ಪ ಹೊಟ್ಟೆಕಿಚ್ಚು ಇದ್ದವರು 'ಕಾರ್ನರ್ರೇ?' ಎಂದು ವಿಚಾರಿಸುತ್ತಾರೆ. ನಾಲ್ಕನೆಯ ಪ್ರಶ್ನೆಯೊಂದಿದೆ, ಅದನ್ನು ಹೆಂಗಸರ ಹತ್ತಿರ ಮಾತ್ರ ಕೇಳುವುದಿಲ್ಲ. 'ಯಾರ ಹೆಸರಿನಲ್ಲಿದೆ?' ಎಂಬುದು.

ಇಂಗ್ಲಿಷಿನಲ್ಲಿ ಜಾಗವನ್ನು ಹೇಳುವ ಪದಗಳಿಗೆ ಬರವಿಲ್ಲ. ಆದರೆ ಒಂದೊಂದನ್ನೂ ನಾವು ಒಂದೊಂದು ಕೆಲಸಕ್ಕೆ ಹಚ್ಚಿದ್ದೇವೆ. 'ಸ್ಪಾಟು' ಅಂದರೆ ಅಪಘಾತದ ಜಾಗ. 'ಸ್ಪಾಟಲ್ಲೇ ಹೋದ್ರಂತೆ' ಎಂದರೆ ಮುಂದೆ ಏನೂ ಕೇಳಬೇಕಾಗಿಲ್ಲ. 'ಲೊಕೇಶನ್' ಅಂದರೆ ನಾವು ಕಾಲೇಜಿನಲ್ಲಿದ್ದಾಗ ಸಿನಿಮಾ ಶೂಟಿಂಗಿನದು. ಈಗ ಮದುವೆ ಛತ್ರಕ್ಕೆ ದಾರಿ ತೋರಿಸಲು ಮೊಬೈಲಿನಲ್ಲಿ ಕಳಿಸುವಂಥದು. ಸೈಟು ಮಾತ್ರ ಮನೆ ಕಟ್ಟುವ ನೆಲ, ಅದೂ ಖಾಲಿ ನೆಲ. ಮನೆ ಎದ್ದ ಮರುದಿನ ಅದು ಸೈಟಲ್ಲ, ಮನೆ. ಧಾರವಾಡದ ಕಡೆಯಿಂದ ಬಂದ ನನ್ನ ಸಹೋದ್ಯೋಗಿಯೊಬ್ಬರು 'ನಾವು ಪ್ಲಾಟ್ ಅಂತೀವ್ರಿ' ಎನ್ನುತ್ತಿದ್ದರು. ಮಂಗಳೂರಿನವರು 'ಐದು ಸೆಂಟ್ಸ್ ಜಾಗ' ಎಂದು ಅಳತೆಯನ್ನೇ ಹೆಸರಾಗಿ ಹೇಳಿಬಿಡುತ್ತಾರೆ. ಸೈಟು ಎಂದು ಬಾಯಿತುಂಬ ಹೇಳುವವರು ಮುಖ್ಯವಾಗಿ ಬೆಂಗಳೂರು, ಮೈಸೂರು ಕಡೆಯ ನಾವು.

ಹಾಗೆಂದು ಕನ್ನಡದಲ್ಲಿ ಪದವಿರಲಿಲ್ಲವೇ? ಜಾಗ ಇದೆ, ಅದು ಉರ್ದುವಿನ ಕಡೆಯಿಂದ ಬಂದು ಎಂದೋ ನಮ್ಮದಾಗಿದೆ. ನಿವೇಶನ ಇದೆ, ಸಂಸ್ಕೃತದಲ್ಲಿ ಅದಕ್ಕೆ ನೆಲೆಸುವುದು, ನೆಲೆಸುವ ಮನೆ ಎಂಬ ಒಳ್ಳೆಯ ಅರ್ಥವಿದೆ, ಆದರೆ ಪಾಪ, ಅದು ಸರ್ಕಾರಿ ಜಾಹೀರಾತು ಬಿಟ್ಟು ಹೊರಗೆ ಬರಲಿಲ್ಲ. ಎಡೆ ಎಂದರೂ ಜಾಗವೇ. ಅದನ್ನು ನಾವು ಎಲೆಯ ಮೇಲಿನ ಅನ್ನಕ್ಕೂ, ಹಿರಿಯರ ಹಬ್ಬದಲ್ಲಿ ಸತ್ತವರ ಮುಂದೆ ಇಡುವ ಊಟಕ್ಕೂ ಬಿಟ್ಟುಕೊಟ್ಟಿದ್ದೇವೆ. ನನಗೆ ಇಷ್ಟವಾದದ್ದು 'ತಾವು'. ಹಳ್ಳಿಯ ಕಡೆ 'ಅವಳ ತಾವ ಕೇಳು', 'ಬಾವಿ ತಾವ ಇದ್ದಾಳೆ' ಎನ್ನುತ್ತಾರಲ್ಲ, ಅದು. ಗೌರವದಿಂದ ಕರೆಯುವ 'ತಾವು' ಬೇರೆಯೇ ಪದ, ರೂಪ ಮಾತ್ರ ಒಂದೇ. ಆದರೂ ಒಬ್ಬ ಮನುಷ್ಯಳನ್ನು 'ತಾವು' ಎನ್ನುವಾಗ ಅವಳಿಗೊಂದು ಜಾಗ ಕೊಟ್ಟ ಹಾಗೆ ನನಗೆ ಕೇಳಿಸುತ್ತದೆ.

ಈ ಸೈಟಿನ ಹುಚ್ಚು ನಮಗೆ ಹತ್ತಿದ್ದು ಪ್ಲೇಗಿನಿಂದ ಎಂದರೆ ತಪ್ಪಾಗಲಾರದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಗಾಳಿ ಬೆಳಕಿಲ್ಲದ ಹಳೆಯ ಪೇಟೆಯಿಂದ ಜನರನ್ನು ಹೊರಗೆ ತರಬೇಕಾಯಿತು. ಆಗ ಹುಟ್ಟಿದ್ದು ಬಸವನಗುಡಿ, ಮಲ್ಲೇಶ್ವರ. ನೇರವಾದ ರಸ್ತೆ, ಅಳೆದು ಕಲ್ಲು ನೆಟ್ಟ ಚೌಕಗಳು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣೆಗೆಂದು ಟ್ರಸ್ಟ್ ಬೋರ್ಡ್ ಆಯಿತು. ಬೆಂಗಳೂರಿನಲ್ಲಿ ಅಂಥದೇ ಬೋರ್ಡು 1945ರಲ್ಲಿ ಬಂತು, 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರವಾಯಿತು. ಅಷ್ಟರಲ್ಲಿ ಇಪ್ಪತ್ತು ಮೂವತ್ತು, ಮೂವತ್ತು ನಲವತ್ತು, ನಲವತ್ತು ಅರವತ್ತು ಎಂಬ ಮಗ್ಗಿ ನಮ್ಮ ಗುಮಾಸ್ತರು, ಮೇಷ್ಟರುಗಳೆಲ್ಲರ ಬಾಯಲ್ಲಿ ಕುಳಿತಿತ್ತು. ಮಗಳಿಗೆ ಗಂಡು ಹುಡುಕುವುದು ಮತ್ತು ಸೈಟಿಗೆ ಅರ್ಜಿ ಹಾಕುವುದು ಸಂಸಾರಸ್ಥನ ಎರಡು ಮುಖ್ಯ ಕರ್ತವ್ಯಗಳಾಗಿದ್ದವು.

ನಮ್ಮ ಅಪ್ಪನೂ ಮೇಷ್ಟರು. 1974ರಲ್ಲಿ ಅವರಿಗೆ ಮೈಸೂರಿನಲ್ಲಿ ಟ್ರಸ್ಟ್ ಬೋರ್ಡಿನ ಸೈಟು ಮಂಜೂರಾಯಿತು. ಮೂವತ್ತು ನಲವತ್ತು, ಪೂರ್ವದ ಮುಖ. ಕಾಗದ ಬಂದ ದಿನ ಅಪ್ಪ ಅದನ್ನು ದೇವರ ಮುಂದಿಟ್ಟು ನಮ್ಮೆಲ್ಲರಿಗೂ ಓದಿ ಹೇಳಿದರು. ದುಡ್ಡು ಕಟ್ಟಲು ಗಡುವಿತ್ತು. ಅಪ್ಪ ಲೆಕ್ಕ ಹಾಕಿ, ಮತ್ತೆ ಲೆಕ್ಕ ಹಾಕಿ, ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಸುಮ್ಮನೆ ಕುಳಿತರು. ಅಮ್ಮ ಒಳಗೆ ಹೋಗಿ ಕೈಯಿಂದ ನಾಲ್ಕು ಬಳೆ ತೆಗೆದು ತಂದು ಆ ಕಾಗದದ ಮೇಲೆ ಇಟ್ಟಳು. ಎರಡು ಅವಳ ತವರಿನವು, ಎರಡು ಮದುವೆಯಲ್ಲಿ ಅತ್ತೆ ಹಾಕಿದ್ದವು. ಆ ಮೇಲೆ ಅವಳ ಕೈಯಲ್ಲಿ ನಾನು ನೋಡಿದ್ದು ಗಾಜಿನ ಬಳೆಗಳನ್ನೇ. 'ಮನೆ ಆದ ಮೇಲೆ ಮಾಡಿಸಿಕೊಟ್ಟರಾಯಿತು' ಎಂದು ಅಪ್ಪ ಹೇಳಿದ್ದರು. ಮನೆಯಾದ ಮೇಲೆ ಮಕ್ಕಳ ಮದುವೆಗಳು ಬಂದವು. ನಿಮ್ಮ ಮನೆಯಲ್ಲೂ ಇಂಥ ಬಳೆಗಳಿರಬಹುದು, ಯಾವುದೋ ಗೋಡೆಯಲ್ಲಿ.

ನಮ್ಮ ಅಜ್ಜಿ, ಅಮ್ಮನ ತಾಯಿ, ಸೈಟು ನೋಡಲು ಊರಿನಿಂದ ಬಂದಿದ್ದರು. ಅವರಿಗೆ ಗೊತ್ತಿದ್ದ ಅಳತೆ ಎಕರೆ ಮತ್ತು ಗುಂಟೆ. ಅಪ್ಪ ಬಹಳ ಉತ್ಸಾಹದಿಂದ ನಾಲ್ಕೂ ಮೂಲೆಯ ಕಲ್ಲು ತೋರಿಸಿದರು. ಸಾವಿರದ ಇನ್ನೂರು ಚದರಡಿ. ಗುಂಟೆ ಎಂದರೆ ಸಾವಿರದ ಎಂಬತ್ತೊಂಬತ್ತು ಚದರಡಿ ಆದ್ದರಿಂದ ಇದು ಗುಂಟೆಗಿಂತ ಕೊಂಚ ಹೆಚ್ಚು ಎಂದು ವಿವರಿಸಿದರು. ಅಜ್ಜಿ ಒಂದು ಕಲ್ಲಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡು, 'ಇಷ್ಟಕ್ಕಾ ನೀನು ಬಳೆ ಕೊಟ್ಟಿದ್ದು? ನಮ್ಮ ಕೊಟ್ಟಿಗೆನೇ ಇದಕ್ಕಿಂತ ದೊಡ್ಡದಾಗಿತ್ತಲ್ಲೇ' ಎಂದರು. ಅಮ್ಮ, 'ಕೊಟ್ಟಿಗೆ ಅಣ್ಣಂದು ಕಣಮ್ಮ' ಎಂದಳು. ಅಷ್ಟೇ ಆ ಮಾತು. ನನಗೆ ಆಗ ಹದಿನೇಳು ವರ್ಷ. ಅದು ಜಗಳದ ಮಾತೇ ತಮಾಷೆಯ ಮಾತೇ ಎಂದು ತಿಳಿಯಲಿಲ್ಲ.

ಹನ್ನೆರಡು ವರ್ಷ ಅದು ಸೈಟಾಗಿಯೇ ಇತ್ತು. ಭಾನುವಾರ ಬಂತೆಂದರೆ ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಇಳಿದು, ಪುಳಿಯೋಗರೆ ಕಟ್ಟಿಕೊಂಡು 'ಸೈಟಿಗೆ' ಹೋಗುವುದು. ಸುತ್ತ ಪಾರ್ಥೇನಿಯಂ, ದೂರದಲ್ಲಿ ಚಾಮುಂಡಿ ಬೆಟ್ಟ. ಅಪ್ಪ ಮೂಲೆಯ ಕಲ್ಲು ಯಾರೂ ಕಿತ್ತಿಲ್ಲವಲ್ಲ ಎಂದು ನೋಡುವರು. ತಮ್ಮಂದಿರು ಕ್ರಿಕೆಟ್ ಆಡುವರು. ಅಮ್ಮ ಆಗ್ನೇಯ ಮೂಲೆಯಲ್ಲಿ ನಿಂತು, ಇಲ್ಲಿ ಒಲೆ, ಇಲ್ಲಿ ಕಿಟಕಿ, ಇಲ್ಲಿ ಒರಳು ಎಂದು ಕೈಯಿಂದ ಗಾಳಿಯಲ್ಲಿ ಅಡುಗೆಮನೆ ಕಟ್ಟುವಳು. ನಾನೂ ತಂಗಿಯೂ ಅವಳ ಕಿಟಕಿಯಿಂದ ಹೊರಗೆ ನೋಡಿ ಪಕ್ಕದ ಮನೆಯವರನ್ನು ಮಾತನಾಡಿಸುತ್ತಿದ್ದೆವು. ಪಕ್ಕದ ಮನೆಯೂ ಇರಲಿಲ್ಲ ಅನ್ನಿ.

1980ರಲ್ಲಿ ನನ್ನನ್ನು ನೋಡಲು ಬಂದರು. ನಾನು ಬಿ.ಎ. ಓದುವಾಗಲೇ ಕನ್ನಡಕ ಹಾಕಿದವಳು. ಆ ಕಾಲದಲ್ಲಿ ಹೆಣ್ಣು ನೋಡಲು ಬಂದವರ ಮುಂದೆ ಕನ್ನಡಕ ತೆಗೆಸಿ ಕೂರಿಸುತ್ತಿದ್ದರು, ಹೀಗಾಗಿ ಬಂದವರು ನಮಗೆ ಮಸುಕುಮಸುಕಾಗಿಯೇ ಕಾಣುತ್ತಿದ್ದರು. ಯಾರೋ ಅವರ ಕಿವಿಗೆ ಹಾಕಿದ್ದಿರಬೇಕು, ಗಂಡಿನ ಸೋದರಮಾವ ಉಪ್ಪಿಟ್ಟು ಮುಗಿಸಿ ಗಂಟಲು ಸರಿಮಾಡಿಕೊಂಡು, 'ಹುಡುಗಿಗೆ ಸೈಟು ಏನಾದರೂ ಇದೆಯೇ?' ಎಂದರು. ಅಪ್ಪನ ಮುಖ ಬಿಗಿಯಿತು. 'ಸೈಟು ಇದೆ ಸ್ವಾಮಿ. ಮೂವತ್ತು ನಲವತ್ತು. ಆದರೆ ಅದು ಹುಡುಗಿಗಲ್ಲ, ಗಂಡುಮಕ್ಕಳಿಗೆ.' ಸೋದರಮಾವ ಗಾಬರಿಯಾಗಿ ಬಾಗಿಲಲ್ಲಿ ನಿಂತಿದ್ದ ನನ್ನ ತಮ್ಮಂದಿರ ಕಣ್ಣು ನೋಡಿದರು. 'ಇಷ್ಟು ಚಿಕ್ಕ ವಯಸ್ಸಿಗೆ ಅಷ್ಟೊಂದು ಪವರೇ?' ಎಂದರು. ಒಂದು ನಿಮಿಷದ ಮೇಲೆ ಎರಡೂ ಕಡೆಯವರು ಬಿದ್ದು ಬಿದ್ದು ನಕ್ಕರು. ಆ ನಗೆಯಲ್ಲೇ ಸಂಬಂಧ ಕುದುರಿತು. ಇಂದಿಗೂ ನನ್ನವರು ನಾಲ್ಕು ಜನ ಸೇರಿದ ಕಡೆ ಈ ಕಥೆ ಹೇಳದೆ ಬಿಡುವುದಿಲ್ಲ. ನಗುವವರ ಜೊತೆ ನಾನೂ ನಗುತ್ತಿದ್ದೆ. ಅಪ್ಪನ ಉತ್ತರದ ಕೊನೆಯ ಮೂರು ಪದಗಳು ಯಾರ ಕಿವಿಗೂ ಬಿದ್ದಿರಲಿಲ್ಲ, ಏಕೆಂದರೆ ಅದರಲ್ಲಿ ಹೊಸದೇನೂ ಇರಲಿಲ್ಲ.

ಇಂಗ್ಲಿಷಿನಲ್ಲಿ ಈ ಒಂದು ಸದ್ದಿಗೆ ಮೂರು ಪದಗಳಿವೆ. ಸ್ಥಳದ ಸೈಟು, ನೋಟದ ಸೈಟು, ಉದಾಹರಣೆ ಎತ್ತಿ ಹೇಳುವ ಸೈಟು. ಕಾಗುಣಿತ ಬೇರೆ ಬೇರೆ, ಕಿವಿಗೆ ಒಂದೇ. ಕನ್ನಡದಲ್ಲಿ ಬರೆದರಂತೂ ಕಣ್ಣಿಗೂ ಒಂದೇ. ಪ್ರತಿವರ್ಷ ಒಂಬತ್ತನೆಯ ತರಗತಿಗೆ ಇವನ್ನು ಉಕ್ತಲೇಖನ ಕೊಡುತ್ತಿದ್ದೆ, ವಾಕ್ಯ ಬರೆಯಿರಿ ಎನ್ನುತ್ತಿದ್ದೆ. ಒಬ್ಬ ಹುಡುಗಿ 'ಮೈ ಫಾದರ್ ಹ್ಯಾಸ್ ನೋ ಸೈಟ್' ಎಂದು ಬರೆದಳು, ನಡುವೆ ಜಿ ಎಚ್ ಸೇರಿಸಿ. ನಾನು ಮರುಕದಿಂದ ಕರೆದು, ನಿಮ್ಮ ತಂದೆಗೆ ಎಷ್ಟು ದಿನದಿಂದ ಕಣ್ಣು ಕಾಣುವುದಿಲ್ಲಮ್ಮ ಎಂದು ವಿಚಾರಿಸಿದೆ. 'ಕಣ್ಣು ಚೆನ್ನಾಗಿದೆ ಮಿಸ್, ಬಾಡಿಗೆ ಮನೇಲಿದೀವಿ' ಎಂದಳು. ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ನಿಂತು 'ಸೈಟು ಹೊಡೆಯುವುದು' ಇನ್ನೊಂದಿದೆ. ಅದರ ಕಾಗುಣಿತವನ್ನು ನನ್ನ ವಿದ್ಯಾರ್ಥಿನಿಯರು ನನಗಿಂತ ಚೆನ್ನಾಗಿ ಬಲ್ಲರು.

ಕಾಲ ಹೋದಂತೆ ಈ ಪದ ಇನ್ನೂ ಎಲ್ಲೆಲ್ಲೋ ಕಾಲಿಟ್ಟಿತು. ಇಂಜಿನಿಯರ ಹೆಂಡತಿ ಫೋನೆತ್ತಿ 'ಅವರು ಸೈಟಲ್ಲಿದಾರೆ' ಎಂದರೆ ಗಾರೆ, ಕಬ್ಬಿಣ, ಬಿಸಿಲು ಎಂದರ್ಥ. 1986ರಲ್ಲಿ ಹಂಪಿ, ಮರುವರ್ಷ ಪಟ್ಟದಕಲ್ಲು ಯುನೆಸ್ಕೋದ ವಿಶ್ವ ಪರಂಪರೆಯ 'ಸೈಟು'ಗಳಾದವು. ಪುಣ್ಯಕ್ಕೆ ಪತ್ರಿಕೆಯವರು 'ತಾಣ' ಎಂಬ ಪದ ಹುಡುಕಿದರು, ಇಲ್ಲದಿದ್ದರೆ ಜನ ಎಷ್ಟಕ್ಕೆಷ್ಟು ಎಂದು ಕೇಳುತ್ತಿದ್ದರೋ ಏನೋ. ಮೊಟ್ಟಮೊದಲ ವೆಬ್‌ಸೈಟು ಜಿನೀವಾದ ಹತ್ತಿರದ ಸರ್ನ್ ಸಂಶೋಧನಾ ಕೇಂದ್ರದಿಂದ 1991ರಲ್ಲಿ ಲೋಕಕ್ಕೆ ತೆರೆದುಕೊಂಡಿತು. ಕನ್ನಡದಲ್ಲಿ ಅದೂ ಜಾಲತಾಣವಾಯಿತು. ಅಡಿ ಅಂಗುಲವಿಲ್ಲದ, ಮೂಲೆಕಲ್ಲಿಲ್ಲದ ಸೈಟು! ಆಮೇಲೆ ಬಂತು 'ಆನ್‌ಸೈಟ್'. ಇಂಗ್ಲಿಷಿನಲ್ಲಿ ಅದಕ್ಕೆ 'ಕೆಲಸ ನಡೆಯುವ ಜಾಗದಲ್ಲೇ' ಎಂಬ ಅರ್ಥ. ನಮ್ಮ ಸಾಫ್ಟ್‌ವೇರ್ ಮಕ್ಕಳ ತಾಯಂದಿರ ಬಾಯಲ್ಲಿ ಅದರ ಅರ್ಥ ಹೆಚ್ಚಾಗಿ ಅಮೆರಿಕ. ನನ್ನ ದೊಡ್ಡ ತಮ್ಮ 1998ರಲ್ಲಿ ಆರು ತಿಂಗಳಿಗೆಂದು ಆನ್‌ಸೈಟ್ ಹೋದವನು ನ್ಯೂಜೆರ್ಸಿಯಲ್ಲಿ ಮನೆ ಕೊಂಡು ಅಲ್ಲಿಯೇ ನಿಂತ. ಅಮ್ಮ ಯಾರಾದರೂ ಕೇಳಿದರೆ, 'ದೊಡ್ಡವನು ಆನ್‌ಸೈಟಲ್ಲಿದಾನೆ, ಚಿಕ್ಕವನು ಸೈಟಲ್ಲಿದಾನೆ' ಎನ್ನುತ್ತಿದ್ದಳು. ಚಿಕ್ಕವನು ಅಮ್ಮನ ಜೊತೆ ಮೈಸೂರಿನ ಮನೆಯಲ್ಲಿದ್ದ. ಮನೆಯಾಗಿ ಎಷ್ಟೋ ವರ್ಷವಾಗಿದ್ದರೂ ಅಮ್ಮನಿಗೆ ಅದು ಸೈಟೇ.

ಅಪ್ಪ 2011ರಲ್ಲಿ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಅಮ್ಮ ಇದ್ದಾಳೆ, ಚಿಕ್ಕ ತಮ್ಮ ಇದ್ದಾನೆ ಎಂದು ಕಾಗದಪತ್ರದ ಕಡೆ ಯಾರೂ ತಲೆಹಾಕಲಿಲ್ಲ. 2019ರಲ್ಲಿ ಬಿಲ್ಡರೊಬ್ಬರು ಬಂದು, ಹಳೆಯ ಮನೆ ಕೆಡವಿ ಮೂರು ಅಂತಸ್ತು ಕಟ್ಟೋಣ ಎಂದಾಗ ದಾಖಲೆ ಹೊರಗೆ ಬಂತು. ಊರಾಚೆಯ ಬಡಾವಣೆ ಅಷ್ಟರಲ್ಲಿ ಊರ ನಡುವಿಗೆ ಬಂದಿತ್ತು. ಖಾತೆ ಬದಲಾಯಿಸಲು ವಂಶವೃಕ್ಷ ಬೇಕು. ಅರ್ಜಿಯ ಜೊತೆ ಯಾರೋ ಬರೆದುಕೊಟ್ಟ ವೃಕ್ಷದಲ್ಲಿ ಅಪ್ಪ, ಅಮ್ಮ, ಅವರ ಕೆಳಗೆ ಎರಡೇ ಕೊಂಬೆ. ಚಿಕ್ಕ ತಮ್ಮನೇ ಅದನ್ನು ನೋಡಿ ಸಂಕೋಚಪಟ್ಟುಕೊಂಡು ವಾಪಸು ತಂದ, ಆ ಮಾತನ್ನು ಹೇಳಲೇಬೇಕು. ಅವನು ಕೆಟ್ಟವನಲ್ಲ. 'ಮದುವೆಯಾಗಿ ಹೋದೋರನ್ನ ಯಾಕೆ ಹಾಕಬೇಕು, ತೊಂದರೆ ಜಾಸ್ತಿ ಆಗುತ್ತೆ ಅಂದರು ಅಕ್ಕ' ಎಂದ. ನಮ್ಮಿಬ್ಬರ ಹೆಸರನ್ನೂ ಸೇರಿಸಿದ. ಜೊತೆಗೆ ಇನ್ನೊಂದು ಕಾಗದವನ್ನೂ ತಂದಿದ್ದ. ಅದು ಹಕ್ಕು ಬಿಡುಗಡೆ ಪತ್ರ. ನಾನೂ ತಂಗಿಯೂ ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ತವರಿನ ಪ್ರೀತಿ ವಿಶ್ವಾಸಕ್ಕಾಗಿ ನಮ್ಮ ಹಕ್ಕನ್ನು ಬಿಟ್ಟುಕೊಟ್ಟಿರುವುದಾಗಿ ಅದರಲ್ಲಿ ಟೈಪಾಗಿತ್ತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಕಲಿತ ಹೆಂಗಸರಲ್ಲೂ ಈ ಗೊಂದಲ ಕಂಡಿದ್ದೇನೆ. ಹೆಣ್ಣುಮಕ್ಕಳಿಗೆ ಪಾಲು ಎಂದೊಡನೆ ಎಲ್ಲರೂ 2005 ಎನ್ನುತ್ತಾರೆ. ಅದು ಹಿರಿಯರಿಂದ ಬಂದ ಅವಿಭಕ್ತ ಕುಟುಂಬದ ಆಸ್ತಿಯ ಮಾತು. ಅದರಲ್ಲೂ ನಮ್ಮ ಕರ್ನಾಟಕ ಮುಂದೆ ಇತ್ತು. 1994ರ ಜುಲೈ 30ರಿಂದಲೇ ನಮ್ಮ ರಾಜ್ಯದ ತಿದ್ದುಪಡಿ ಜಾರಿಗೆ ಬಂದಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಆ ಭೇದ ಹೋಯಿತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಹೇಳಿತು. ಆದರೆ ಅಪ್ಪ ಸ್ವಂತ ದುಡಿಮೆಯಿಂದ ಕೊಂಡ ಸೈಟಿನ ಮಾತು ಇದಲ್ಲ. ಅವರು ಉಯಿಲು ಬರೆಯದೆ ಹೋದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಹೇಳಿದೆ. ಅಂದರೆ, ಅಪ್ಪ ಆ ಸೋದರಮಾವನಿಗೆ 'ಹುಡುಗಿಗಲ್ಲ' ಎಂದು ಹೇಳಿದ ದಿನಕ್ಕೆ ಆ ಕಾಯಿದೆಗೆ ಇಪ್ಪತ್ತನಾಲ್ಕು ವರ್ಷ ವಯಸ್ಸಾಗಿತ್ತು. ಉಯಿಲು ಬರೆದು ಯಾರಿಗೆ ಬೇಕಾದರೂ ಕೊಡುವ ಸ್ವಾತಂತ್ರ್ಯ ಅಪ್ಪನಿಗಿತ್ತು, ನಿಜ. ಅವರು ಬರೆಯಲಿಲ್ಲ. ಅದು ಮರೆವೋ ಮನಸ್ಸೋ ನಾನು ಹೇಳಲಾರೆ.

ಐದು ಜನ ವಾರಸುದಾರರು. ಸಾವಿರದ ಇನ್ನೂರನ್ನು ಐದರಿಂದ ಭಾಗಿಸಿದರೆ ತಲೆಗೆ ಇನ್ನೂರ ನಲವತ್ತು ಅಡಿ.

ತಂಗಿ ಹಾಸನದಿಂದ ಬಂದಿದ್ದಳು. ಅವಳ ಯಜಮಾನರು ನಡೆಸುತ್ತಿದ್ದ ಸಣ್ಣ ಪ್ರೆಸ್ಸು ಮುಚ್ಚಿ ಐದಾರು ವರ್ಷವಾಗಿತ್ತು. ಅರವತ್ತರ ಹತ್ತಿರದ ವಯಸ್ಸಿನಲ್ಲಿ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆ ಸಾಗಿಸುತ್ತಿದ್ದಳು. ಪಾಲು ಬೇಕಾಗಿದ್ದದ್ದು ನಿಜವಾಗಿ ಅವಳಿಗೆ. ಪೆನ್ನಿನ ಮುಚ್ಚಳ ಮೊದಲು ತೆಗೆದವಳೂ ಅವಳೇ. ನಾನು ಕೈ ಹಿಡಿದೆ. ಹಿತ್ತಲಿಗೆ ಕರೆದುಕೊಂಡು ಹೋದೆ. 'ಸಹಿ ಹಾಕದೇ ಇದ್ದರೆ ಗೌರಿಹಬ್ಬಕ್ಕೆ ಕರೆಯೋರು ಯಾರು ಅಕ್ಕ?' ಎಂದಳು. 'ಬಾಡಿಗೆ ಮನೆ ಇವತ್ತು ಒಂದು, ನಾಳೆ ಇನ್ನೊಂದು. ತವರು ಒಂದೇ ಅಲ್ಲವೇನೇ?' ಸಹಿ ಹಾಕುವ ಹೆಣ್ಣುಮಕ್ಕಳಿಗೆ ಕಾನೂನು ಗೊತ್ತಿಲ್ಲ ಎಂದು ತಿಳಿದುಕೊಂಡವರು ಈ ಮಾತನ್ನು ಕೇಳಬೇಕಿತ್ತು. ಅವಳಿಗೆ ಗೊತ್ತಿತ್ತು. ಒಂದು ಕಡೆ ಇನ್ನೂರ ನಲವತ್ತು ಅಡಿ, ಇನ್ನೊಂದು ಕಡೆ ಬಾಗಿಲಲ್ಲಿ ನಿಂತು 'ಬಾ ಒಳಗೆ' ಎನ್ನುವ ತಮ್ಮ. ತೂಗಿ ನೋಡಿಯೇ ಪೆನ್ನು ತೆಗೆದಿದ್ದಳು.

ನನ್ನದು ಪಿಂಚಣಿ ಬರುವ ಜೀವ. ನನಗೆ ಆ ಅಡಿಗಳ ಅಗತ್ಯವಿರಲಿಲ್ಲ. ಅಮ್ಮನನ್ನು ಎಂಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವನು ಚಿಕ್ಕ ತಮ್ಮ, ಅವನ ಹೆಂಡತಿ. ಅವನಿಗೆ ಹೆಚ್ಚು ಸಲ್ಲಬೇಕೆಂದು ನನಗೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೆ ನಮ್ಮದೆಂದು ಒಪ್ಪಿಕೊಂಡ ಮೇಲೆ ನಾವಾಗಿ ಕೊಡುವುದು ಬೇರೆ, ನಮ್ಮದಲ್ಲವೆಂದು ಮೊದಲೇ ಬರೆಸಿಕೊಂಡು ಬರುವುದು ಬೇರೆ. ಇದನ್ನು ತಮ್ಮನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಾ ನಡುಮನೆಗೆ ಬಂದೆ.

ನಾನು ಹೇಳಬೇಕಾಗಿ ಬರಲಿಲ್ಲ. ಎಂಬತ್ತಮೂರು ವರ್ಷದ ಅಮ್ಮ ಕ್ರಯಪತ್ರವನ್ನು ಬೂದುಗನ್ನಡಿ ಹಿಡಿದು ಓದುತ್ತಿದ್ದಳು. ಅದರಲ್ಲಿ ಚಕ್ಕುಬಂದಿ ಬರೆದಿರುತ್ತದಲ್ಲ, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥ ನಂಬರಿನ ಸೈಟು, ಉತ್ತರಕ್ಕೆ ಇಂಥದು, ದಕ್ಷಿಣಕ್ಕೆ ಇಂಥದು. ಅದನ್ನೇ ಎರಡು ಸಲ ಓದಿ ಕೇಳಿದಳು: 'ಸುತ್ತ ಇರೋರನ್ನೆಲ್ಲ ಬರೆದಿದಾರೆ. ನನ್ನ ಬಳೆ ಎಲ್ಲಿ ಬರೆದಿದಾರೋ?'

'ಅದನ್ನೆಲ್ಲ ಬರೆಯಲ್ಲಮ್ಮ' ಎಂದ ತಮ್ಮ.

'ಸರಿ. ಹಾಗಾದರೆ ಹೆಸರನ್ನಾದರೂ ಬರೆಸು. ನನ್ನದೂ, ಇವರಿಬ್ಬರದೂ. ಐದು ಹೆಸರಲ್ಲಿ ಖಾತೆ ಆಗಲಿ. ಆಮೇಲೆ ಯಾರು ಯಾರಿಗೆ ಬಿಟ್ಟುಕೊಡ್ತಾರೋ ಕೊಟ್ಟುಕೊಳ್ಳಲಿ. ಇಲ್ಲದ್ದನ್ನ ಬಿಟ್ಟುಕೊಡು ಅಂದರೆ ಅವರಾದರೂ ಎಲ್ಲಿಂದ ತರ್ತಾರೆ?'

ದೊಡ್ಡ ತಮ್ಮ ನ್ಯೂಜೆರ್ಸಿಯಿಂದ ಫೋನಿನಲ್ಲಿದ್ದ. ಐದು ಹೆಸರಾದರೆ ಬಿಲ್ಡರ್ ಒಪ್ಪುವುದಿಲ್ಲ, ಸಹಿಗೆ ಎಲ್ಲರೂ ಬರಬೇಕಾಗುತ್ತದೆ ಎಂದು ವಿವರಿಸಿದ. ಅವನ ಮಾತಿನಲ್ಲೂ ಹುರುಳಿತ್ತು. ಅಮ್ಮ ಫೋನಿನ ಕಡೆ ಬಗ್ಗಿ, 'ನೀನೂ ಬರಬೇಕಾಗುತ್ತೆ ಅನ್ನು. ಬಾ, ನೋಡಿ ಮೂರು ವರ್ಷ ಆಯಿತು' ಎಂದಳು. ನಾವೆಲ್ಲ ನಕ್ಕೆವು. ಚಿಕ್ಕ ತಮ್ಮ ಮಾತ್ರ ನಗದೆ ಕಾಗದಗಳನ್ನು ಫೈಲಿಗೆ ಸೇರಿಸಿದ. ಎರಡು ತಿಂಗಳು ನಮ್ಮ ನಡುವೆ ಫೋನು ಓಡಾಡಲಿಲ್ಲ. ಆ ವರ್ಷದ ಗೌರಿಹಬ್ಬಕ್ಕೆ ತಂಗಿಗೆ ಕರೆ ಬರಲಿಲ್ಲ, ನನಗೂ ಬರಲಿಲ್ಲ. ತಂಗಿ ಹಬ್ಬದ ದಿನ ನನಗೆ ಫೋನು ಮಾಡಿ ಏನೂ ಮಾತನಾಡದೆ ಇಟ್ಟಳು.

ಐದು ಹೆಸರಿನಲ್ಲಿ ಖಾತೆಯಾಯಿತು. ಬಿಲ್ಡರು ಬೇರೆ ಕಡೆ ಹೋದರು. ಮರುವರ್ಷ ಕೊರೊನಾ ಬಂದು ಎಲ್ಲರ ಲೆಕ್ಕಾಚಾರವನ್ನೂ ಬದಿಗೆ ಸರಿಸಿತು. ಆಗ ಬಾಡಿಗೆ ಕೊಡಲಾಗದೆ ತಂಗಿ, ಭಾವ ಕೂಡಿ ಸಾಮಾನು ಹೊತ್ತು ಬಂದದ್ದು ಮೈಸೂರಿಗೇ. ಕರೆದುಕೊಂಡು ಬಂದವನು ಚಿಕ್ಕ ತಮ್ಮನೇ, ಅವನೇ ಗಾಡಿ ಮಾಡಿಕೊಂಡು ಹಾಸನಕ್ಕೆ ಹೋಗಿದ್ದ. ಹಿಂದಿನ ಎರಡು ಕೋಣೆ ಬಿಟ್ಟುಕೊಟ್ಟ. 'ಇದು ನಿನ್ನ ಇನ್ನೂರ ನಲವತ್ತಕ್ಕಿಂತ ಹತ್ತು ಅಡಿ ಹೆಚ್ಚೇ ಇದೆ, ಬಾಡಿಗೆ ಕೊಡು' ಎಂದು ಅವಳನ್ನು ಗೋಳುಹುಯ್ದುಕೊಳ್ಳುತ್ತಿದ್ದನಂತೆ. ಅವಳು ಅವನಿಗೆ ದಿನಾ ಎರಡು ಹೊತ್ತು ಕಾಫಿ ಮಾಡಿಕೊಡುತ್ತಿದ್ದಳು. ಆ ಎರಡು ವರ್ಷ ಅಮ್ಮನಿಗೆ ಬಲು ಸುಖದ ಕಾಲ.

ಅಮ್ಮ 2022ರಲ್ಲಿ ಹೋದಳು. ವೈಕುಂಠ ಸಮಾರಾಧನೆ ಮುಗಿದು ದೊಡ್ಡ ತಮ್ಮ ಹೊರಡುವ ಮೊದಲು ಮತ್ತೆ ಅದೇ ವಂಶವೃಕ್ಷ, ಮತ್ತೆ ಖಾತೆ ಬದಲಾವಣೆಯ ಅರ್ಜಿ. ಅಮ್ಮನ ಇನ್ನೂರ ನಲವತ್ತು ನಾಲ್ಕು ಮಕ್ಕಳಿಗೂ ಸಮವಾಗಿ ಹಂಚಿಹೋಗಬೇಕು. ಈ ಸಲ ಬಿಡುಗಡೆ ಪತ್ರದ ಮಾತನ್ನು ಯಾರೂ ಎತ್ತಲಿಲ್ಲ. ಚಿಕ್ಕ ತಮ್ಮ ಹಳೆಯ ಲಗ್ನಪತ್ರಿಕೆಯ ಹಿಂದೆ ಲೆಕ್ಕ ಹಾಕಿ, 'ಒಬ್ಬೊಬ್ಬರಿಗೂ ಅರವತ್ತು ಅಡಿ ಬಿಟ್ಟು ಹೋಗಿದಾಳೆ' ಎಂದ. ಅರವತ್ತು ಅಡಿ ಎಂದರೆ ಎಷ್ಟಾಗುತ್ತದೆ ಎಂದು ತಂಗಿ ಕೇಳಿದಳು. ನಾಲ್ವರೂ ಟೇಪು ಹಿಡಿದು ಅಮ್ಮನ ಕೋಣೆಯಲ್ಲಿ ನೆಲದ ಮೇಲೆ ಅಳೆದೆವು. ಆರಕ್ಕೆ ಹತ್ತು. ಅಮ್ಮನ ಮಂಚ ಹಾಕಿ, ಪಕ್ಕದಲ್ಲಿ ಒಂದು ಕುರ್ಚಿ ಇಟ್ಟರೆ, ಒಬ್ಬರು ಓಡಾಡುವಷ್ಟು ಜಾಗ ಉಳಿಯುತ್ತದೆ.